ಕಳೆಯ ಮುಖದ ಕಳೆ

ಕನ್ನಡದಲ್ಲಿ ‘ಕಳೆ’ ಎಂಬ ಮಾತು ಬಹಳ ಉದಾರವಾದದ್ದು. ಹೊಲದಲ್ಲಿ ಬಿತ್ತದೆ ಬೆಳೆದದ್ದೂ ಕಳೆ. ಮದುವಣಗಿತ್ತಿಯ ಮುಖದಲ್ಲಿ ಹೊಳೆಯುವುದೂ ಕಳೆ. ಹತ್ತರಿಂದ ನಾಲ್ಕನ್ನು ತೆಗೆಯುವಾಗ ಮೇಷ್ಟರು ಹೇಳುವುದೂ ಕಳೆ. ಮೂರನೆಯದು ಮೊದಲನೆಯದರ ಮೇಲೆ ನಡೆಯಲಿ, ಎರಡನೆಯದರ ತಂಟೆಗೆ ಬಾರದಿರಲಿ ಎಂಬುದಿಷ್ಟೇ ರೈತನ ಪ್ರಾರ್ಥನೆ. ಆದರೆ ಯಾವುದು ಕಳೆ, ಯಾವುದು ಬೆಳೆ ಎಂದು ತೀರ್ಪು ಹೇಳುವುದು ಅಷ್ಟು ಸುಲಭವಲ್ಲ. ರಾಗಿಯ ಹೊಲದಲ್ಲಿ ತುಂಬೆ ಕಳೆ. ಶಿವರಾತ್ರಿಯ ದಿನ ಅದೇ ತುಂಬೆಯ ಹೂವಿಗಾಗಿ ಊರೆಲ್ಲ ಅಲೆಯುತ್ತೇವೆ. ಗರಿಕೆಯನ್ನು ಗುದ್ದಲಿಯಿಂದ ಅಗೆದು ಶಪಿಸುವ ಕೈಯೇ ಗಣೇಶನ ಹಬ್ಬಕ್ಕೆ ಅದನ್ನು ಎಣಿಸಿ ಏರಿಸುತ್ತದೆ. ಅಣ್ಣೆಸೊಪ್ಪು, ಗಣಿಕೆಸೊಪ್ಪು ಬೆಳಗ್ಗೆ ಕಳೆಯಾಗಿದ್ದು ಮಧ್ಯಾಹ್ನಕ್ಕೆ ಸಾರಾಗುತ್ತವೆ. ಕಳೆಯೆಂಬುದು ಗಿಡದ ಜಾತಿಯಲ್ಲ, ನಮ್ಮ ಆ ಹೊತ್ತಿನ ಅಭಿಪ್ರಾಯ.

ಅಂಥ ಅಭಿಪ್ರಾಯಕ್ಕೆ ಗುರಿಯಾದ ಗಿಡಗಳನ್ನು ಯಾರೂ ನಿಂತು ನೋಡುವುದಿಲ್ಲ. ನೋಡಿದರೆ ಸೋಜಿಗವುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಾಯಿತುಳಸಿಯ ಪೊದೆಯನ್ನು ಗಮನಿಸಿ. ಹತ್ತು ಗಿಡಗಳು ಹಸಿರಾಗಿದ್ದರೆ ನಡುವೆ ಒಂದೆರಡರ ಎಲೆಗಳಲ್ಲಿ ನರನರವೂ ಹಳದಿಯಾಗಿ, ಹಸಿರು ಸೀರೆಗೆ ಜರಿಯ ಎಳೆ ಹಾಕಿ ನೆಯ್ದಂತೆ ಕಾಣುತ್ತವೆ. ಇದನ್ನು ಕಂಡು ನನ್ನ ಅಳಿಯ—ಅಕ್ಕನ ಮಗ, ಸಸ್ಯರೋಗಗಳ ಶಾಸ್ತ್ರವನ್ನು ಓದಿ ಅದರಲ್ಲೇ ಅನ್ನ ಹುಟ್ಟಿಸಿಕೊಂಡವನು—ಒಮ್ಮೆ ಹೇಳಿದ: “ಅದು ಆರೋಗ್ಯದ ಕಳೆಯಲ್ಲ ಮಾವ, ಜ್ವರದ ಕಳೆ. ಕ್ಷಯ ಹಿಡಿದವರ ಕೆನ್ನೆ ಕೆಂಪಾಗುವುದಿಲ್ಲವೆ, ಹಾಗೆ.”

ಆ ಜ್ವರಕ್ಕೆ ಕಾರಣ ವೈರಸ್ಸು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ವಿಷವೆಂದು ಅರ್ಥವಂತೆ. ನಮ್ಮ ರೈತರು ಲ್ಯಾಟಿನ್ ಓದಿದವರಲ್ಲ. ಆದರೂ ಬೆಂಡೆಯ ಎಲೆ ಹಳದಿಯಾದರೆ, ಹೀರೆಯ ಬಳ್ಳಿ ಮುದುಡಿದರೆ ‘ನಂಜು ರೋಗ’ ಎನ್ನುತ್ತಾರೆ. ಹೆಸರಿಡುವುದರಲ್ಲಿ ಪಂಡಿತನೂ ಪಾಮರನೂ ಒಂದೇ ಕಡೆ ಬಂದು ನಿಂತ ಅಪರೂಪದ ಉದಾಹರಣೆ ಇದು.

ಈ ನಂಜಿನ ಇತಿಹಾಸದಲ್ಲಿ ನನಗೆ ಬಹು ಪ್ರಿಯವಾದ ಪ್ರಸಂಗ ಒಂದಿದೆ. ಕ್ರಿ. ಶ. ೭೫೨ರ ಬೇಸಗೆಯಲ್ಲಿ ಜಪಾನಿನ ಸಾಮ್ರಾಜ್ಞಿ ಕೋಕೆನ್ ಒಂದು ಕಿರುಗವನ ಬರೆದಳು. ಬೇಸಗೆ ಇನ್ನೂ ಮುಗಿದಿಲ್ಲ. ಆದರೂ ಬಯಲಿನ ಒಂದು ಗಿಡ ಆಗಲೇ ಶರತ್ಕಾಲ ಬಂದಂತೆ ಹಳದಿಯಾಗಿದೆಯಲ್ಲ ಎಂಬುದು ಅದರ ಭಾವ. ಆ ಕವನ ‘ಮನ್‌ಯೋಶು’ ಎಂಬ ಪ್ರಾಚೀನ ಸಂಕಲನದಲ್ಲಿ ಉಳಿದುಕೊಂಡಿತು. ಸಾವಿರದಿನ್ನೂರು ವರ್ಷ ಅದನ್ನು ಕವಿತೆಯಾಗಿ ಓದಿದರು. ಆಮೇಲೆ ವಿಜ್ಞಾನಿಗಳು ಓದಿದರು. ಯುಪಟೋರಿಯಂ ಎಂಬ ಆ ಗಿಡದ ಹಳದಿಗೆ ಬಿಳಿನೊಣ ಹೊತ್ತು ತರುವ ಒಂದು ವೈರಸ್ಸೂ ಅದರ ಬೆನ್ನಿಗಂಟಿದ ಒಂದು ಪುಟ್ಟ ಉಪಗ್ರಹವೂ ಸೇರಿ ಕಾರಣವೆಂದು ೨೦೦೩ರಲ್ಲಿ ತೋರಿಸಿಕೊಟ್ಟರು. ಸಸ್ಯಗಳ ವೈರಸ್ ರೋಗದ ಬಗ್ಗೆ ಲೋಕದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಬರಹ ಅದೇ ಎನ್ನುತ್ತಾರೆ. ಗಮನಿಸಬೇಕಾದದ್ದೆಂದರೆ, ಆ ಮೊದಲ ದಾಖಲೆ ಭತ್ತದ ಮೇಲಿನದಲ್ಲ, ಗೋಧಿಯ ಮೇಲಿನದಲ್ಲ. ಯಾರೂ ಬಿತ್ತದ ಒಂದು ಬಯಲುಗಿಡದ ಮೇಲಿನದು. ರಾಣಿಗೆ ಅದರಿಂದ ಕಂದಾಯ ನಷ್ಟವಾಗಲಿಲ್ಲ. ಕಣ್ಣಿಗೆ ಕಂಡಿತು, ಬರೆದಳು. ನಷ್ಟವಾದಾಗ ಮಾತ್ರ ಕಣ್ಣು ತೆರೆಯುವ ನಮ್ಮಂಥವರಿಗೆ ಇದೊಂದು ಪಾಠ.

ಅಳಿಯನ ಕೆಲಸ ಇಂಥ ಬೀಡಾಡಿ ಗಿಡಗಳ ನಾಡಿ ಹಿಡಿದು ನೋಡುವುದು. ರಜೆಗೆ ನಮ್ಮೂರಿಗೆ ಬಂದರೂ ಅವನು ಸುಮ್ಮನೆ ಕೂರುವವನಲ್ಲ. ಹೆಗಲಿಗೊಂದು ಚೀಲ, ಚೀಲದಲ್ಲಿ ಕತ್ತರಿ, ಕಾಗದದ ಲಕೋಟೆಗಳು, ಸೀಸದ ಕಡ್ಡಿ. ಕೈಯಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಿ. ಬೇಲಿಯ ಬಳಿ, ಚರಂಡಿಯ ಪಕ್ಕ, ಬಾವಿಯ ಕಟ್ಟೆಯ ಸಂದಿಯಲ್ಲಿ ಕೂತು ಎಳೆಯ ಎಲೆಗಳನ್ನು ಕತ್ತರಿಸಿ, ಲಕೋಟೆಗೆ ಹಾಕಿ, ಸಂಖ್ಯೆ, ತಾರೀಖು, ಜಾಗ ಬರೆಯುತ್ತಾನೆ. ಒಂದು ಗಿಡವಾದ ಮೇಲೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸದೆ ಇನ್ನೊಂದನ್ನು ಮುಟ್ಟುವುದಿಲ್ಲ. ಇಷ್ಟು ಮಡಿಯನ್ನು ನಮ್ಮ ಅಜ್ಜಿಯಲ್ಲೂ ನಾನು ಕಂಡಿರಲಿಲ್ಲ. ಊರಿನವರ ದೃಷ್ಟಿಯಲ್ಲಿ ಗಿಡಮೂಲಿಕೆ ಹುಡುಕುವವನು ವೈದ್ಯನೇ ಆಗಬೇಕಷ್ಟೆ. ಒಬ್ಬ ಮುದುಕಿ ಬಂದು, “ಮಂಡಿ ಹಿಡ್ಕೊಂಡೈತೆ ಕಣಪ್ಪ, ಯಾವ ಸೊಪ್ಪು ಕಟ್ಟಲಿ?” ಎಂದಳು. “ಅಜ್ಜೀ, ನಾನು ಸೊಪ್ಪಿನಿಂದ ಕಾಯಿಲೆ ವಾಸಿ ಮಾಡೋನಲ್ಲ, ಸೊಪ್ಪಿಗೇ ಬಂದ ಕಾಯಿಲೆ ನೋಡೋನು” ಎಂದ ಇವನು. ಮುದುಕಿ ಅವನನ್ನು ಒಂದು ಗಳಿಗೆ ಕನಿಕರದಿಂದ ನೋಡಿ, ನನ್ನ ಕಡೆ ತಿರುಗಿ, “ಓದಿದ್ದು ಹೆಚ್ಚಾಯ್ತೇನೋ” ಎಂದು ಹೊರಟುಹೋದಳು.

ಆದರೆ ಆ ವರ್ಷ ಅವನ ಚೀಲದಿಂದ ನಮ್ಮೂರಿನಲ್ಲಿ ಒಂದು ವ್ಯಾಜ್ಯವೇ ಇತ್ಯರ್ಥಕ್ಕೆ ಬಂದಿತು. ಆ ಕಥೆಯನ್ನು ಹೇಳಬೇಕು.

ನಮ್ಮೂರು ಶಿರಾ ಸೀಮೆಯದು. ಮಳೆಯನ್ನು ನಂಬಿದ ಕೆಂಪು ನೆಲ. ಅಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಹಿಸ್ಸೆಯಾಗಿ, ಎರಡು ಹೊಲಗಳ ನಡುವೆ ಒಂದು ಬದು ಉಳಿದಿತ್ತು. ಬದು ಯಾರದೆಂಬುದು ಹಿಸ್ಸೆಯ ಕಾಗದದಲ್ಲಿ ಸ್ಪಷ್ಟವಾಗಿರಲಿಲ್ಲ. ತಮ್ಮ ಎರಡು ಎಕರೆಗೆ ಸೂರ್ಯಕಾಂತಿ ಹಾಕಿದ. ಗಿಡ ಸೊಂಟದೆತ್ತರ ಬಂದಾಗ ಅಣ್ಣ ಬದುವಿನ ಮೇಲೆ ನಿಂತು, “ಏನಯ್ಯಾ, ಈ ವರ್ಷ ಚಿನ್ನದ ತಟ್ಟೆಗಳನ್ನೇ ಬಿಡಿಸ್ತೀಯ ಅನ್ನು” ಎಂದನಂತೆ. ಮೆಚ್ಚಿಗೆಯ ಮಾತೇ ಇರಬೇಕು. ಎರಡು ವಾರಕ್ಕೆ ಎಲೆಯ ಅಂಚು ಒಣಗಿತು, ಎಲೆ ತಿರುಚಿಕೊಂಡಿತು, ಕಾಂಡದ ಮೇಲೆ ಕಪ್ಪು ಗೀರುಗಳು ಬಿದ್ದವು, ಬಿಟ್ಟ ಹೂವು ಸೊಟ್ಟಗಾಗಿ ಜೊಳ್ಳಾಯಿತು. ಚಿನ್ನದ ತಟ್ಟೆ ಸುಟ್ಟ ರೊಟ್ಟಿಯಾಯಿತು. ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಹಸಿರಾಗಿ ಉಳಿಯಿತು. ಅಣ್ಣನ ಕಣ್ಣುಬಿತ್ತೆಂದು ತಮ್ಮನ ಹೆಂಡತಿ ಅಂದಳು. ಬರಿಯ ಕಣ್ಣಲ್ಲ, ಮಾಟವೇ ಎಂದು ಇನ್ನಾರೋ ಸೇರಿಸಿದರು. ಏಳು ತಿಂಗಳು ಎರಡು ಮನೆಗಳ ನಡುವೆ ಮಾತಿಲ್ಲ. ಅಣ್ಣನ ಮಗಳ ಸೀಮಂತಕ್ಕೆ ತಮ್ಮನ ಮನೆಯವರು ಹೋಗಲಿಲ್ಲ. ಮುಂದಿನ ಬಿತ್ತನೆಯಲ್ಲೂ ಒಂದು ಮೂಲೆಯಲ್ಲಿ ಅದೇ ಒಣಗು ಕಾಣಿಸಿದಾಗ ಅಳಿಯ ಊರಿಗೆ ಬಂದಿದ್ದ.

ಅವನು ಸೂರ್ಯಕಾಂತಿಯ ಎಲೆಗಳನ್ನು ತೆಗೆದುಕೊಂಡದ್ದು ಸರಿಯೇ. ಆದರೆ ಅದಕ್ಕಿಂತ ಹೆಚ್ಚು ಹೊತ್ತು ಬದುವಿನ ಮೇಲೆ ಕೂತ. ಬದುವಿನ ಒಡೆತನ ತೀರ್ಮಾನವಾಗದಿದ್ದುದರಿಂದ ಅದರ ಕಳೆಯನ್ನು ಇಬ್ಬರೂ ಕಿತ್ತಿರಲಿಲ್ಲ. ಅಲ್ಲಿ ಕಾಂಗ್ರೆಸ್ ಗಿಡ ಎದೆಯುದ್ದ ಬೆಳೆದು ಬಿಳಿಯ ಹೂವಿನಿಂದ ತುಂಬಿತ್ತು. ಪಾರ್ಥೇನಿಯಂ ಎಂಬುದು ಅದರ ಶಾಸ್ತ್ರೀಯ ಹೆಸರು, ಅಮೆರಿಕಾ ಖಂಡದ್ದು, ೧೯೫೫ರಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಿದರು, ಆಮೇಲೆ ಅದು ದೇಶವನ್ನೆಲ್ಲ ಸಂಚರಿಸಿತು. ತಮ್ಮ ನಕ್ಕು, “ಸ್ವಾಮಿ, ರೋಗ ಬಂದಿರೋದು ಇಲ್ಲಿ. ಆ ದರಿದ್ರದ ಗಿಡಕ್ಕೆ ಏನು ರೋಗ? ನೋಡಿ ಹೆಂಗೈತೆ, ಮದುವೆ ಗಂಡಿನಂಗೆ!” ಎಂದ. ನಿಜ, ಗಿಡದಲ್ಲಿ ಒಂದು ಚುಕ್ಕೆಯಿರಲಿಲ್ಲ, ಒಂದು ಮುದುಡಿರಲಿಲ್ಲ. ಅಳಿಯ, “ಅದಕ್ಕೇ ಅನುಮಾನ” ಎಂದ.

ಪರೀಕ್ಷೆ ನೋಡಲು ನಾನೂ ಅವನೊಡನೆ ಪ್ರಯೋಗಶಾಲೆಗೆ ಹೋದೆ. ಮೊದಲನೆಯ ಪರೀಕ್ಷೆ ನಮ್ಮ ಅಡುಗೆಮನೆಗೆ ತೀರ ಹೊಸದೇನಲ್ಲ. ಎಲೆಯನ್ನು ತಣ್ಣಗಿನ ಕಲ್ಬತ್ತಿನಲ್ಲಿ ಒಂದಿಷ್ಟು ಉಪ್ಪಿನ ದ್ರಾವಣದೊಡನೆ ಅರೆಯುವುದು. ಅಲಸಂದೆಯ ಎಳೆಯ ಸಸಿಯ ಮೊದಲ ಜೋಡಿ ಎಲೆಗಳ ಮೇಲೆ ಸಾಣೆ ಹಿಡಿಯುವ ನುಣ್ಣನೆಯ ಪುಡಿಯನ್ನು ಉದುರಿಸುವುದು. ಅದರ ಮೇಲೆ ಈ ರಸವನ್ನು ಬೆರಳಿನಿಂದ ಮೆಲ್ಲಗೆ ಸವರುವುದು. ಪುಡಿ ಎಲೆಯ ಚರ್ಮವನ್ನು ಕಾಣದಷ್ಟು ಗೀರುತ್ತದೆ; ವೈರಸ್ಸಿಗೆ ಅಷ್ಟು ಬಾಗಿಲು ಸಾಕು. ಮೂರು ನಾಲ್ಕು ದಿನ ಕಾಯಬೇಕು. ನಂಜಿದ್ದರೆ ಅಲಸಂದೆಯ ಎಲೆಯ ಮೇಲೆ ಸಾಸಿವೆ ಸಿಡಿದಂತೆ ಕಂದು ಚುಕ್ಕೆಗಳು ಏಳುತ್ತವೆ. ಅಡಾಲ್ಫ್ ಮೇಯರ್ ಹಾಲೆಂಡಿನಲ್ಲಿ ರೋಗದ ಹೊಗೆಸೊಪ್ಪಿನ ರಸವನ್ನು ಗಾಜಿನ ಸೂಕ್ಷ್ಮ ನಳಿಕೆಯಿಂದ ಆರೋಗ್ಯದ ಗಿಡಕ್ಕೆ ಚುಚ್ಚಿ, ರೋಗ ಅಂಟುವುದನ್ನು ೧೮೮೬ರಲ್ಲಿ ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ ಈ ವಿದ್ಯೆಯ ಜೀವಾಳ ಅದೇ: ಮಾತು ಬಾರದ ಗಿಡವೊಂದರ ರೋಗವನ್ನು, ಬೇಗ ಅಳುವ ಇನ್ನೊಂದು ಗಿಡದ ಬಾಯಿಂದ ಹೇಳಿಸುವುದು. ಹೀಗೆ ಸಾಕ್ಷಿ ಹೇಳುವವರಲ್ಲಿ ಕಾಡು ಹೊಗೆಸೊಪ್ಪುಗಳಿವೆ, ಚಕ್ಕೋತ ಸೊಪ್ಪಿನ ಬಂಧುಗಳಿವೆ. ಕಳೆಯನ್ನು ಹಿಡಿದುಕೊಡುವ ಕೆಲಸಕ್ಕೂ ಹಲವು ಸಲ ಕಳೆಯೇ ಬೇಕು.

ಎರಡನೆಯ ಪರೀಕ್ಷೆಗೆ ಎಲೈಸಾ ಎಂದು ಹೆಸರು. ಗಿಡಗಳ ವೈರಸ್ಸಿಗೆ ಅದನ್ನು ಅಳವಡಿಸಿದ್ದು ೧೯೭೭ರಲ್ಲಿ. ತಟ್ಟೆಯನ್ನು ಕಂಡರೆ ಪಡ್ಡಿನ ಹಂಚಿನ ನೆನಪಾಗುತ್ತದೆ. ಗುಳಿಗಳು ಮಾತ್ರ ಬೆರಳ ತುದಿಯಷ್ಟು, ಒಟ್ಟು ೯೬. ಮೊಲದ ರಕ್ತದಿಂದ ಪಡೆದ ಪ್ರತಿವಸ್ತುವನ್ನು ಗುಳಿಯ ಗೋಡೆಗೆ ಅಂಟಿಸಿರುತ್ತಾರೆ. ಎಲೆಯ ರಸದಲ್ಲಿ ಅದಕ್ಕೆ ತಕ್ಕ ವೈರಸ್ಸಿದ್ದರೆ ಅಲ್ಲಿ ಹಿಡಿದುಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಕೊನೆಯಲ್ಲಿ ಸೇರಿಸುವ ಕಿಣ್ವ ಮತ್ತು ರಾಸಾಯನಿಕದಿಂದ ಆ ಗುಳಿ ಹಳದಿಯಾಗುತ್ತದೆ. ವೈರಸ್ಸಿಲ್ಲದ್ದು ತಿಳಿನೀರಾಗಿಯೇ ಉಳಿಯುತ್ತದೆ.

ಇಷ್ಟು ಸುಲಭವಾದರೆ ಪಂಡಿತರು ಏಕೆ ಬೇಕು? ತೊಡಕು ಕಳೆಯ ಸ್ವಭಾವದಲ್ಲಿದೆ. ಬೆಳೆಯ ಗಿಡ ಸಾಧು. ಅರೆದರೆ ರಸ ಕೊಡುತ್ತದೆ. ಕಳೆಯೋ ಹಾಲು ಸುರಿಸುತ್ತದೆ, ಲೋಳೆಯಾಗುತ್ತದೆ, ಒಗರಿನಿಂದ ರಸ ನಿಮಿಷದಲ್ಲಿ ಕಪ್ಪಾಗುತ್ತದೆ. ಇದ್ದ ವೈರಸ್ಸನ್ನು ಅಡಗಿಸುವುದೂ ಉಂಟು, ಇಲ್ಲದಿದ್ದರೂ ಬಣ್ಣ ಬರಿಸುವುದೂ ಉಂಟು. ಆದ್ದರಿಂದ ಪ್ರತಿಯೊಂದು ಜಾತಿಗೂ ಅದೇ ಜಾತಿಯ ಆರೋಗ್ಯವಂತ ಗಿಡವೊಂದನ್ನು ಪಕ್ಕದ ಗುಳಿಯಲ್ಲಿಟ್ಟು ಹೋಲಿಸಬೇಕು. ಆರೋಗ್ಯವಂತ ಸೂರ್ಯಕಾಂತಿ ಸಿಕ್ಕೀತು. ಬೀದಿಯ ಕಳೆಯಲ್ಲಿ ಯಾವುದು ಆರೋಗ್ಯವಂತ ಎಂದು ಯಾರು ಜಾಮೀನು ನಿಲ್ಲುವರು? ಅಳಿಯ ಅದಕ್ಕಾಗಿ ನುಸಿಯೂ ನುಸುಳದ ಬಲೆಯ ಮನೆಯಲ್ಲಿ, ಸುಟ್ಟು ಶುದ್ಧಮಾಡಿದ ಮಣ್ಣಿನಲ್ಲಿ, ಕಾಂಗ್ರೆಸ್ ಗಿಡವನ್ನು ಬೀಜದಿಂದ ಬೆಳೆಸಿದ್ದ. ಬೀಜದಲ್ಲೇ ನಂಜು ದಾಟುವುದೂ ಉಂಟೆಂದು ಆ ಸಸಿಗಳನ್ನೂ ಮೊದಲು ಪರೀಕ್ಷಿಸಿದ್ದ. ಊರೆಲ್ಲ ಕಿತ್ತೆಸೆಯುವ ಗಿಡಕ್ಕೆ ಕುಂಡ, ನೀರು, ನೆರಳು, ಹೆಸರಿನ ಚೀಟಿ! ಆ ರಾಜೋಪಚಾರವನ್ನು ನೋಡಿ ನನಗೆ ನಗು ಬಂತು, ಅವನಿಗೆ ಬರಲಿಲ್ಲ. ನಿಜವಾದ ಆರೋಗ್ಯ ಯಾವುದೆಂದು ತಿಳಿಯದೆ ರೋಗವನ್ನು ಹೆಸರಿಸುವುದು ಅಪವಾದವಾದೀತೇ ಹೊರತು ವಿಜ್ಞಾನವಾಗದು ಎಂಬುದು ಅವನ ಮತ.

ಸೂರ್ಯಕಾಂತಿಯ ಗುಳಿ ಹಳದಿಯಾಯಿತು. ಬದುವಿನ ಕಾಂಗ್ರೆಸ್ ಗಿಡಗಳ ಗುಳಿಗಳಲ್ಲಿ ಹಲವು ಹಳದಿಯಾದವು. ಬಲೆಮನೆಯ ಕೂಸು ತಿಳಿಯಾಗಿ ಉಳಿಯಿತು. ಅಲಸಂದೆಯೂ ಅದೇ ಸಾಕ್ಷಿ ನುಡಿಯಿತು.

ಆ ವೈರಸ್ಸಿನ ಹೆಸರು ಟೊಬ್ಯಾಕೊ ಸ್ಟ್ರೀಕ್. ಅಮೆರಿಕದ ಹೊಗೆಸೊಪ್ಪಿನಲ್ಲಿ ಅದನ್ನು ೧೯೩೬ರಲ್ಲಿಯೇ ವರ್ಣಿಸಿದ್ದರು. ನಮ್ಮ ಸೂರ್ಯಕಾಂತಿಯಲ್ಲಿ ಈ ಒಣಗು ರೋಗ ಮೊದಲು ಕಂಡದ್ದು ೧೯೯೭ರಲ್ಲಿ, ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ. ೨೦೦೦ದಲ್ಲಿ ಪಕ್ಕದ ಅನಂತಪುರದ ಕಡಲೆಕಾಯಿ ಹೊಲಗಳಿಗೆ ಇದೇ ನಂಜು ನುಗ್ಗಿ, ಸುಮಾರು ೨,೨೫,೦೦೦ ಹೆಕ್ಟೇರುಗಳಲ್ಲಿ ಹರಡಿ, ೩೦೦ ಕೋಟಿ ರೂಪಾಯಿಗೂ ಮೀರಿದ ನಷ್ಟವಾಯಿತೆಂದು ಲೆಕ್ಕ ಹಾಕಿದರು. ಮೊದಲು ಅದನ್ನು ಕುಡಿ ಒಣಗುವ ಬೇರೊಂದು ಹಳೆಯ ರೋಗವೆಂದೇ ಭಾವಿಸಿದ್ದರು; ನೋಟಕ್ಕೆ ಎರಡೂ ಅವಳಿಗಳಂತೆ. ಪರೀಕ್ಷೆಯಾದ ಮೇಲೆಯೇ ನಿಜ ತಿಳಿದದ್ದು, ನಿಜದ ಹಿಂದೆ ಕಾಂಗ್ರೆಸ್ ಗಿಡ ನಿಂತಿದ್ದು ಕಂಡದ್ದು. ಆ ಗಿಡಕ್ಕೆ ಈ ವೈರಸ್ಸಿನಿಂದ ಏನೂ ಆಗುವುದಿಲ್ಲ. ಅದರ ಪರಾಗದಲ್ಲಿ ವೈರಸ್ಸು ಕೂತಿರುತ್ತದೆ. ಹೂವಿನಲ್ಲಿ ಓಡಾಡುವ ಥ್ರಿಪ್ಸ್ ನುಸಿ ಮೈಗೆ ಪರಾಗ ಮೆತ್ತಿಕೊಂಡು ಗಾಳಿಯಲ್ಲಿ ಸೂರ್ಯಕಾಂತಿಗೋ ಕಡಲೆಕಾಯಿ ಗಿಡಕ್ಕೋ ಬಂದು ಬೀಳುತ್ತದೆ. ಎಲೆಯನ್ನು ಕೆರೆದು ತಿನ್ನುವಾಗ ಆದ ಗಾಯದಲ್ಲಿ ಪರಾಗದ ನಂಜು ಇಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಸಾಣೆಪುಡಿ ಮಾಡುವ ಕೆಲಸವನ್ನು ಹೊಲದಲ್ಲಿ ನುಸಿಯ ಬಾಯಿ ಮಾಡುತ್ತದೆ.

ಈ ವೃತ್ತಾಂತವನ್ನೆಲ್ಲ ಅಳಿಯ ಊರಿನ ಅರಳಿಕಟ್ಟೆಯಲ್ಲಿ ತಿಳಿಯುವಂತೆ ಹೇಳಿದ. ತಟ್ಟೆಯ ಚಿತ್ರವನ್ನು ತೋರಿಸಿದ. ತಮ್ಮ ಬಹಳ ಹೊತ್ತು ನೋಡಿ, “ಹಂಗಾದ್ರೆ ನಮ್ಮಣ್ಣನ ಕಣ್ಣಲ್ವಾ?” ಎಂದ. “ಅಣ್ಣನದೂ ಅಲ್ಲ, ನಿಂದೂ ಅಲ್ಲ. ನೀವಿಬ್ಬರೂ ಕೈ ಹಾಕದೆ ಬಿಟ್ಟ ಬದುವಿಂದು” ಎಂದ ಅಳಿಯ. ಅಣ್ಣ ದೂರದಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ, ಕೇಳಿಸಿಕೊಳ್ಳದವನಂತೆ ಕೇಳಿಸಿಕೊಂಡ.

ಇಲ್ಲಿ ಅಣ್ಣತಮ್ಮಂದಿರು ಅಪ್ಪಿಕೊಂಡು ಅತ್ತರೆಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಮರುವಾರ ಬೆಳಗ್ಗೆ ನೋಡಿದರೆ ಬದುವಿನ ಕಳೆ ಹೋಗಿತ್ತು—ಬದುವಿನ ನಡುವಿನ ಗೆರೆಯವರೆಗೆ ಅಣ್ಣನ ಕಡೆಯದನ್ನು ಅಣ್ಣ, ತಮ್ಮನ ಕಡೆಯದನ್ನು ತಮ್ಮ ಕಿತ್ತಿದ್ದರು. ಸರ್ವೆಯವರಿಂದ ಆಗದ ಅಳತೆಯನ್ನು ಒಂದು ಕಳೆ ಮಾಡಿಸಿತು. ಮುಂದಿನ ಸಲ ತಮ್ಮ ಹೊಲದ ಸುತ್ತ ಕೆಲವು ಸಾಲು ಜೋಳವನ್ನು ಮೊದಲೇ ಹಾಕಿದ. ಎತ್ತರದ ಜೋಳ ಗಾಳಿಯಲ್ಲಿ ಬರುವ ನುಸಿಯನ್ನು ತಡೆಯುತ್ತದೆ. ಆ ಸಲ ರೋಗ ಪೂರ್ತಿ ನಿಂತಿತೆಂದಲ್ಲ. ರಸ್ತೆಯ ಕಡೆಯ ಅಂಚಿನಲ್ಲಿ ಒಂದಿಷ್ಟು ಗಿಡ ಹೋದವು. ರಸ್ತೆ ಯಾರ ಹಿಸ್ಸೆಗೂ ಸೇರಿದ್ದಲ್ಲವಷ್ಟೆ. ಆದರೆ ಎಣ್ಣೆಕಾಳು ಮನೆಗೆ ಬಂದಿತು, ಸಾಲದ ಒಂದು ಕಂತು ತೀರಿತು. ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ತಮ್ಮನ ಹೆಂಡತಿ ಹೋಗಿ ತೊಟ್ಟಿಲು ತೂಗಿ ಬಂದಳು.

ಇದನ್ನು ಕೇಳಿದವರು, ಹಾಗಾದರೆ ಕಳೆಗಳನ್ನೆಲ್ಲ ಬುಡಸಹಿತ ನಾಶಮಾಡಬೇಕೆಂದು ಹೊರಡಬಹುದು. ಅದೂ ಅವಸರದ ತೀರ್ಪು. ಕೋಸ್ಟರಿಕದ ಗ್ವಾನಕಸ್ಟೆಯ ಕಾಡಿನಲ್ಲೂ ಅಮೆರಿಕದ ಓಕ್ಲಹೋಮದ ಹುಲ್ಲುಗಾವಲಿನಲ್ಲೂ ವಿಜ್ಞಾನಿಗಳು ಕಾಡುಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಈಗ ಯಾವ ವೈರಸ್ಸೆಂದು ಮೊದಲೇ ಊಹಿಸಬೇಕಾಗಿಲ್ಲ. ಎಲೆಯಲ್ಲಿರುವ ವಂಶವಾಹಿಯ ತುಣುಕುಗಳನ್ನೆಲ್ಲ ಓದಿ, ಗಿಡದ್ದು ಯಾವುದು, ಅತಿಥಿಯದು ಯಾವುದು ಎಂದು ವಿಂಗಡಿಸುವ ಯಂತ್ರಗಳು ಬಂದಿವೆ. ಹಾಗೆ ಓದಿದಾಗ, ಒಂದು ಕಲೆಯೂ ಇಲ್ಲದ ಗಿಡಗಳಲ್ಲೇ ಬೇಕಾದಷ್ಟು ವೈರಸ್ಸುಗಳು ಸದ್ದಿಲ್ಲದೆ ಸಂಸಾರ ಮಾಡಿಕೊಂಡಿರುವುದು ಕಂಡುಬಂದಿತು. ಎಲ್ಲವೂ ಕೆಡುಕರಲ್ಲ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿಂದ ಕಾದ ನೆಲದಲ್ಲಿ ಬೆಳೆಯುವ ಒಂದು ಹುಲ್ಲಿದೆ. ಅದರೊಳಗೆ ಒಂದು ಶಿಲೀಂಧ್ರ, ಶಿಲೀಂಧ್ರದೊಳಗೆ ಒಂದು ವೈರಸ್ಸು. ಮೂರೂ ಕೂಡಿದ್ದರೆ ಹುಲ್ಲು ೬೫ ಡಿಗ್ರಿ ಸೆಲ್ಷಿಯಸ್ ಕಾವಿನ ಮಣ್ಣನ್ನೂ ತಾಳಬಲ್ಲದು. ವೈರಸ್ಸನ್ನು ತೆಗೆದರೆ ಹುಲ್ಲು ಬಾಡಿಹೋಗುತ್ತದೆ. ಇದು ೨೦೦೭ರಲ್ಲಿ ತಿಳಿದುಬಂದ ವಿಷಯ. ನಂಜೆಂದು ಹೆಸರಿಟ್ಟದ್ದೇ ಅಲ್ಲಿ ಸಂಜೀವಿನಿ.

ನಮ್ಮ ಟೊಮ್ಯಾಟೊವಿನ ಮಾತೂ ಹೀಗೆಯೇ. ಅದರ ಎಲೆ ಮುದುಡುವ ನಂಜಿಗೆ ನಾಯಿತುಳಸಿಯಂಥ ಕಳೆಗಳು ಬೇಸಗೆಯ ಬಿಡಾರ. ಬೆಳೆಯಿಲ್ಲದ ತಿಂಗಳುಗಳಲ್ಲಿ ನಂಜು ಅಲ್ಲಿ ತಂಗಿದ್ದು ಬಿಳಿನೊಣದ ಬೆನ್ನೇರಿ ಹೊಲಕ್ಕೆ ಬರುತ್ತದೆ. ಆದರೆ ಆ ನಂಜನ್ನು ತಡೆಯುವ ಗುಣವನ್ನು ತಳಿಗಾರರು ಹುಡುಕಿಕೊಂಡು ಹೋದದ್ದೂ ಕಾಡಿಗೇ. ದಕ್ಷಿಣ ಅಮೆರಿಕದ ಚಿಲಿ, ಪೆರು ದೇಶಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಕಾಡು ಟೊಮ್ಯಾಟೊಗಳಿಗೆ. ರೋಗದ ಉಗ್ರಾಣವೂ ಕಾಡುಗಿಡ, ಮದ್ದಿನ ಉಗ್ರಾಣವೂ ಕಾಡುಗಿಡ. ಒಂದು ಉಗ್ರಾಣಕ್ಕೆ ಬೆಂಕಿಯಿಡಲು ಹೋಗಿ ಇನ್ನೊಂದನ್ನು ಸುಟ್ಟುಕೊಳ್ಳುವುದು ಜಾಣತನವಲ್ಲ.

ಆದ್ದರಿಂದ ಬದುವಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ ಕೀಳಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೀಳುವ ಮೊದಲು ಅದನ್ನು ನೋಡಿದವನೊಬ್ಬನಿರಬೇಕು ಎಂಬುದರಲ್ಲಿಯೂ ಸಂದೇಹವಿಲ್ಲ. ಬೆಳೆಗೆ ರೋಗ ಬಂದಾಗ ನಾವು ಬೀಜದ ಅಂಗಡಿಯನ್ನು ಬೈಯುತ್ತೇವೆ, ಮಳೆರಾಯನನ್ನು ಬೈಯುತ್ತೇವೆ, ಒಡಹುಟ್ಟಿದವನ ಕಣ್ಣನ್ನು ಬೈಯುತ್ತೇವೆ. ಮನುಷ್ಯರ ಮೇಲೆ ಹೊರಿಸುವುದಕ್ಕೆ ಪರೀಕ್ಷೆ ಬೇಕಾಗುವುದಿಲ್ಲ, ಬಾಯಿದ್ದರೆ ಸಾಕು. ಒಂದು ಗಿಡದ ಮೇಲೆ ಹೊರಿಸುವುದಕ್ಕೆ ನನ್ನ ಅಳಿಯನಂಥವನು ವಾರಗಟ್ಟಲೆ ಕುಂಡಗಳಿಗೆ ನೀರೆರೆಯುತ್ತಾನೆ, ಆರೋಗ್ಯದ ಗಿಡವನ್ನು ಪಕ್ಕದಲ್ಲಿಟ್ಟು ಎರಡೆರಡು ಸಲ ಕೇಳುತ್ತಾನೆ, ಆಮೇಲೆ ಮೆಲ್ಲಗೆ ಹೆಸರು ಹೇಳುತ್ತಾನೆ. ಕಳೆಗೆ ಸಲ್ಲುವಷ್ಟು ನ್ಯಾಯ ನಮ್ಮ ನೆರೆಯವರಿಗೂ ಸಲ್ಲುವಂತಾದರೆ ಊರಿನ ಅರ್ಧ ಜಗಳ ತೀರೀತು.